ಕಲ್ಲುಪೆಟ್ಟಿಗೆಯ ಚಕ್ರ ತಿರುಗಿಸಿದ್ದು ಯಾರು?

ಲೀನಾ ಹೌಬೋಲ್ಡ್ ತನ್ನ ಬದುಕನ್ನು ಆರನೆಯ ಸಲ ಬರೆಯಲು ಕೂತಳು.

ಆಳುವ ಕಮ್ಯುನಿಸ್ಟ್ ಪಕ್ಷದವರೆಲ್ಲ ಬರೆಯಲೇಬೇಕು. ಕೈಯಲ್ಲೇ ಬರೆಯಬೇಕು. ಎಲ್ಲಿ ಹುಟ್ಟಿದೆ, ಅಪ್ಪ ಏನು ಕೂಲಿ ಮಾಡುತ್ತಿದ್ದ, ಪಕ್ಷಕ್ಕೆ ಯಾವಾಗ ಸೇರಿದೆ, ಹಿಟ್ಲರನ ಕಾಲದಲ್ಲಿ ಏನು ಮಾಡಿದೆ, ಯಾರ ಜೊತೆ ಮಾಡಿದೆ. ಕೆಲಸ ಕೊಡುವಾಗ ಒಂದು ಸಲ. ಕೆಲಸ ಬದಲಿಸಿದಾಗ ಒಂದು ಸಲ. ಮೇಲಿನವರಲ್ಲಿ ಯಾರಿಗಾದರೂ ಅನುಮಾನ ಬಂದರೆ ಮತ್ತೊಂದು ಸಲ. ಯುದ್ಧ ಮುಗಿದ ನಲವತ್ತೈದರಲ್ಲಿ ಲೀನಾ ಮೊದಲನೆಯದನ್ನು ಬರೆದಿದ್ದಳು. ಈಗ ಐವತ್ತೊಂದು.

ಎಡಗೈಯಿಂದ ಹಾಳೆ ಒತ್ತಿ ಹಿಡಿದಳು. ಆ ಕೈಯ ಎರಡು ಬೆರಳು ಮಡಚುವುದಿಲ್ಲ. ಮೂವತ್ತಾರರಲ್ಲಿ ಹಿಟ್ಲರನ ಗುಪ್ತ ಪೊಲೀಸರು, ಗೆಸ್ಟಾಪೊದವರು, ಮೇಜಿನ ಖಾನೆಯೊಳಗೆ ಆ ಬೆರಳಿಟ್ಟು ಖಾನೆ ಮುಚ್ಚಿದ್ದರು. ಒಂದು ಸಲ ಅಲ್ಲ. ಹಾಗಾಗಿ ಹಾಳೆ ಜಾರುತ್ತಿತ್ತು. ಸಾಲು ಬಲಕ್ಕೆ ಹೋದ ಹಾಗೆ ಕೆಳಕ್ಕೆ ಇಳಿಯುತ್ತಿತ್ತು.

"ಇನ್ನೆಷ್ಟು ಸಲ ಹುಟ್ಟಬೇಕೋ ನಾನು," ಅಂದಳು, ಪಕ್ಕದ ಮೇಜಿನ ಗುಮಾಸ್ತೆಗೆ ಕೇಳುವ ಹಾಗೆ. "ನಮ್ಮಮ್ಮ ಒಂದೇ ಸಲ ಹೆತ್ತು ಸುಸ್ತಾಗಿದ್ಲು."

ಗುಮಾಸ್ತೆ ನಗಲಿಲ್ಲ. ಮೊದಲೆಲ್ಲ ನಗುತ್ತಿದ್ದಳು.

ಲೀನಾ ವೆಬರ್ಸ್‌ಗ್ರುಂಡ್ ಪೇಟೆಯ ವಸತಿ ಕಚೇರಿಯ ಮುಖ್ಯಸ್ಥೆ. ಹದಿನಾಲ್ಕಕ್ಕೆ ನೂಲಿನ ಗಿರಣಿ ಸೇರಿದವಳು. ಮೂವತ್ತೊಂದಕ್ಕೆ ಜೈಲು ಸೇರಿದವಳು. ಈಗ ನಲವತ್ತಾರಕ್ಕೆ ಅವಳ ಕೈಯಲ್ಲಿ ಒಂದು ಮುದ್ರೆ. ಬಾಂಬಿಗೆ ಮನೆ ಕಳಕೊಂಡವರು, ಪೂರ್ವದ ಸೀಮೆಯಿಂದ ಓಡಿಸಿಕೊಂಡು ಗಂಟುಮೂಟೆ ಹೊತ್ತು ಬಂದವರು, ಎಲ್ಲರೂ ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ಅವಳು ಮುದ್ರೆ ಒತ್ತಿದರೆ ಕೋಣೆ. ಇಲ್ಲದಿದ್ದರೆ ರೈಲು ನಿಲ್ದಾಣದ ಬೆಂಚು.

ಕೋಣೆ ಬಿಟ್ಟುಕೊಡಲು ಒಪ್ಪದ ಗಿರಣಿ ಮಾಲೀಕನ ಹೆಂಡತಿಯ ಮನೆಗೆ ಅವಳೇ ಹೋಗಿದ್ದಳು.

"ಈ ಕೋಣೇಲಿ ಯಾರಿದ್ದಾರೆ?"

"ಪಿಯಾನೊ ಇದೆಯಲ್ಲಮ್ಮ."

"ಪಿಯಾನೊಗೆ ಒಂದು ಕೋಣೆ, ಐದು ಜನಕ್ಕೆ ಒಂದು ಕೋಣೆ. ಅದೇನು ರಾತ್ರಿ ಹೊರಳಾಡುತ್ತಾ, ಜಾಗ ಸಾಲಲ್ವಾ?"

ಊರೆಲ್ಲ ಈ ಮಾತನ್ನು ವರ್ಷವಿಡೀ ಹೇಳಿಕೊಂಡು ನಕ್ಕಿತ್ತು. ಒಳ್ಳೆಯವಳು, ಬಾಯಿ ಮಾತ್ರ ಗರಗಸ ಅನ್ನುತ್ತಿತ್ತು. ಆ ಬಾಯಿಯೇ ಒಂದು ಕಾಲದಲ್ಲಿ ಹನ್ನೊಂದು ದಿನ ಮುಚ್ಚಿಕೊಂಡಿತ್ತು ಎಂದು ಊರಿಗೆ ಅಷ್ಟಾಗಿ ಗೊತ್ತಿರಲಿಲ್ಲ.

ಆ ವಸಂತದಲ್ಲಿ ಪಕ್ಷದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಸಿ ಪರೀಕ್ಷೆ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಪರಿಶೀಲನಾ ಮಂಡಳಿ ಕೂತದ್ದು ಪುರಸಭೆಯ ಮೊದಲ ಮಹಡಿಯಲ್ಲಿ, ಲೀನಾಳ ಕಚೇರಿಯ ನೇರ ಕೆಳಗೆ. ಆ ಕೋಣೆಯನ್ನು ಅವರಿಗೆ ಕೊಟ್ಟದ್ದೂ ಅವಳೇ, ಅವಳ ಮುದ್ರೆಯೇ.

ಮಂಡಳಿಯ ಅಧ್ಯಕ್ಷ ಆರ್ನೋ ವಾಪ್ಲರ್. ಇಪ್ಪತ್ತೆಂಟು ವರ್ಷ. ಲೀನಾಳನ್ನು ಬೇಡಿ ಹಾಕಿ ಪೇಟೆಯ ಚೌಕದಲ್ಲಿ ನಡೆಸಿಕೊಂಡು ಹೋದಾಗ ಅವನು ಶಾಲೆಯ ಸಾಲಿನಲ್ಲಿ ಹಿಟ್ಲರನ ಬಾಲದಳದ ಕಂದು ಅಂಗಿ ಹಾಕಿಕೊಂಡು ನಿಂತಿದ್ದ. ಆಮೇಲೆ ಸೈನಿಕನಾದ. ರಷ್ಯಾದಲ್ಲಿ ಸೆರೆ ಸಿಕ್ಕ. ಸೆರೆಮನೆಯಲ್ಲೇ ಪಾಠ ಕಲಿತು ಕಮ್ಯುನಿಸ್ಟನಾಗಿ ಬಂದ. ಕೆಟ್ಟವನಲ್ಲ. ಕುಡಿಯುವುದಿಲ್ಲ, ಲಂಚ ಮುಟ್ಟುವುದಿಲ್ಲ, ಹೆಂಡತಿಯನ್ನು ಹೊಡೆಯುವುದಿಲ್ಲ. ಹೊಸದಾಗಿ ಕಲಿತ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುವವನ ಹೆದರಿಕೆ ಮಾತ್ರ ಅವನ ಕಣ್ಣಲ್ಲಿ ಯಾವಾಗಲೂ ಇರುತ್ತಿತ್ತು.

ಅವನ ಪಕ್ಕದಲ್ಲಿ ಹೂಗೋ ಮೆಹ್ನರ್ಟ್ ಇದ್ದ. ಹಳೆಯ ಕಾಮ್ರೇಡ್. ಏಳು ವರ್ಷ ಹಿಟ್ಲರನ ಸೆರೆ ಶಿಬಿರದಲ್ಲಿ ಕಲ್ಲು ಒಡೆದವನು. ಹೂಗೋನನ್ನು ಕಂಡು ಲೀನಾಗೆ ಧೈರ್ಯ ಬಂತು.

"ಕೂತ್ಕೋ ಕಾಮ್ರೇಡ್ ಲೀನಾ," ಅಂದ ವಾಪ್ಲರ್. ಪಕ್ಷದೊಳಗೆ ಎಲ್ಲರೂ ಎಲ್ಲರಿಗೂ ನೀನು. "ಕಾಫಿ ತಗೋ. ಬಾರ್ಲಿದೇ, ಬೇರೆ ಎಲ್ಲಿ ಬರಬೇಕು."

ಮೇಜಿನ ಮೇಲೆ ಅವಳ ಐದು ಬದುಕುಗಳನ್ನು ಇಸ್ಪೀಟಿನ ಎಲೆಯ ಹಾಗೆ ಸಾಲಾಗಿ ಇಟ್ಟಿದ್ದ. ಅಲ್ಲಲ್ಲಿ ಕೆಂಪು ಪೆನ್ಸಿಲಿನ ಗೆರೆ.

"ನಲವತ್ತೈದರಲ್ಲಿ ಹೀಗೆ ಬರೆದಿದ್ದೀಯ. 'ನಮ್ಮ ಗುಂಪಿನಲ್ಲಿ ಮೂವರು. ರೈನ್‌ಹೋಲ್ಡ್, ಓಸ್ಕರ್, ನಾನು. ಕರಪತ್ರಗಳನ್ನು ನಾನು ಒಂದು ಕಲ್ಲುಪೆಟ್ಟಿಗೆಯ ಕೋಣೆಯಲ್ಲಿ, ಅದರ ಸದ್ದಿನ ಮರೆಯಲ್ಲಿ ಟೈಪು ಮಾಡುತ್ತಿದ್ದೆ.' ಸರಿನಾ?"

"ಸರಿ."

"ನಲವತ್ತೆಂಟರಲ್ಲಿ ಹೀಗಿದೆ. 'ರೈನ್‌ಹೋಲ್ಡ್‌ಗೆ ಸಂಜೆ ಪಾಳಿ ಬಿತ್ತು. ಆಮೇಲೆ ಗುರುವಾರಗಳಲ್ಲಿ ನಾನೊಬ್ಬಳೇ ಹೋಗುತ್ತಿದ್ದೆ.' ಸರಿನಾ?"

"ಸರಿ."

ವಾಪ್ಲರ್ ಪೆನ್ಸಿಲು ಕೆಳಗಿಟ್ಟ.

"ನಮ್ಮಮ್ಮನೂ ಬಟ್ಟೆ ಸುಕ್ಕು ಬಿಡಿಸೋಕೆ ಕಲ್ಲುಪೆಟ್ಟಿಗೆಗೆ ಹೋಗ್ತಿದ್ಲು. ಅದು ತಾನಾಗಿ ಓಡಲ್ಲ. ಎರಡೂ ಕೈಯಲ್ಲಿ ಚಕ್ರ ತಿರುಗಿಸ್ಬೇಕು. ನೀನು ಎರಡೂ ಕೈಯಲ್ಲಿ ಟೈಪು ಮಾಡ್ತಿದ್ದೆ. ಹಾಗಾದ್ರೆ ಚಕ್ರ ತಿರುಗಿಸಿದ್ದು ಯಾರು?"

ಗೆಸ್ಟಾಪೊದವರು ಖಾನೆ, ಬೆಲ್ಟು, ನೀರಿನ ಬಕೆಟ್ಟು ಎಲ್ಲ ಇಟ್ಟುಕೊಂಡೂ ಈ ಪ್ರಶ್ನೆ ಕೇಳಿರಲಿಲ್ಲ. ಅವರಿಗೆ ಕಲ್ಲುಪೆಟ್ಟಿಗೆಯ ಸುದ್ದಿಯೇ ಸಿಕ್ಕಿರಲಿಲ್ಲ.

"ನೆನಪಿಲ್ಲ," ಅಂದಳು.

"ಒಂದು ವಾರ ಟೈಮ್ ತಗೋ. ನೆನಪು ಮಾಡ್ಕೋ. ಆರನೇ ಸಲ ಬರಿ."

ಕಲ್ಲುಪೆಟ್ಟಿಗೆ ಅಂದರೆ ಮಂಚದಷ್ಟು ಉದ್ದದ ಮರದ ಪೆಟ್ಟಿಗೆ. ಒಳಗೆ ಹೊಳೆಕಲ್ಲು ತುಂಬಿರುತ್ತದೆ. ಹೆಂಗಸರು ಒಗೆದು ಅರೆ ಒಣಗಿದ ದುಪ್ಪಟಿಗಳನ್ನು ಮರದ ಉರುಳೆಗೆ ಸುತ್ತಿ ಅದರ ಅಡಿಗೆ ಇಡುತ್ತಾರೆ. ಚಕ್ರ ತಿರುಗಿಸಿದರೆ ಪೆಟ್ಟಿಗೆ ಉರುಳೆಗಳ ಮೇಲೆ ಆಚೆ ಈಚೆ ಓಡುತ್ತದೆ. ಬಟ್ಟೆ ಸುಕ್ಕು ಬಿಡುತ್ತದೆ. ಸದ್ದು ಮಾತ್ರ ಗುಡುಗಿನದು.

ತೊಗಲಿನ ಓಣಿಯ ಏಳನೇ ಮನೆಯ ಹಿತ್ತಿಲಿನಲ್ಲಿ ಅಂಥದೊಂದು ಪೆಟ್ಟಿಗೆ ಇತ್ತು. ಅದರ ಒಡತಿ ಒಟ್ಟೀಲಿ ಗ್ಲೇಸೆಲ್, ವಿಧವೆ. ಗೋಡೆಯ ಕರಿಹಲಗೆಯ ಮೇಲೆ ಯಾರಿಗೆ ಯಾವ ದಿನ, ಯಾವ ಗಂಟೆ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಗುರುವಾರ ಸಂಜೆ ಆರು: ಹೌಬೋಲ್ಡ್. ಉರುಳೆ ಜೋಡಿಸಿಡುವ ಹಿಂದಿನ ಕೋಣೆಯಲ್ಲಿ, ಸಾಬೂನಿನ ಡಬ್ಬದೊಳಗೆ, ಟೈಪು ಮಿಷನ್ನು. ಲೀನಾಳ ಬಾಡಿಗೆ ಮನೆಯ ಗೋಡೆಗಳಿಗೆ ಕಿವಿ ಹೆಚ್ಚು. ಇಲ್ಲಿ ಗುಡುಗಿನ ಕೆಳಗೆ ಏನು ಬೇಕಾದರೂ ಬಡಿಯಬಹುದಿತ್ತು. ಮೊದಮೊದಲು ರೈನ್‌ಹೋಲ್ಡ್ ಚಕ್ರ ತಿರುಗಿಸುತ್ತಿದ್ದ.

ಅವನು ಬಾರದ ಮೊದಲ ಗುರುವಾರ ಲೀನಾ ಬಟ್ಟೆಯ ಬುಟ್ಟಿ ಹಿಡಿದು ಸುಮ್ಮನೆ ನಿಂತಿದ್ದಳು. ಚಕ್ರ ತಿರುಗಿಸಿದರೆ ಟೈಪು ಇಲ್ಲ. ಟೈಪು ಮಾಡಿದರೆ ಸದ್ದು ಇಲ್ಲ. ಒಟ್ಟೀಲಿ ಒಳಗೆ ಬಂದಳು. ಉರುಳೆಯ ಮೇಲಿನ ದುಪ್ಪಟಿ ನೋಡಿದಳು.

"ಇದೇನೇ ಸುತ್ತಿರೋದು? ಹೆಣಕ್ಕೆ ಸುತ್ತಿದ ಹಾಗಿದೆ. ಸರಿ ಆಚೆ."

ತಾನೇ ಬಿಚ್ಚಿ ಸುತ್ತಿದಳು. ಚಕ್ರ ಹಿಡಿದು ತಿರುಗಿಸತೊಡಗಿದಳು. ಲೀನಾ ಅಲ್ಲೇ ನಿಂತಿದ್ದಳು.

"ನನ್ನ ಮುಖ ಏನ್ ನೋಡ್ತೀಯ? ಹಿಂದಿನ ಕೋಣೇಲಿ ನಿಂಗೇನೋ ಕೆಲಸ ಇತ್ತಲ್ಲ. ಹೋಗ್ ಮಾಡ್ಕೋ."

ಅಷ್ಟೇ ಮಾತು. ಆಮೇಲೆ ಒಂದೂವರೆ ವರ್ಷ, ಗುರುವಾರ ತಪ್ಪದೆ, ಒಟ್ಟೀಲಿ ತಿರುಗಿಸಿದಳು. ಭುಜ ಊದಿಕೊಂಡರೂ ತಿರುಗಿಸಿದಳು. ಒಳಗೆ ಏನು ನಡೆಯುತ್ತದೆಂದು ಕೇಳಲಿಲ್ಲ. ಕರಪತ್ರ ತೋರಿಸಲು ಹೋದರೆ ಕನ್ನಡಕ ಇಲ್ಲ ಅಂದಳು. ಒಂದೇ ಒಂದು ಸಲ ಆ ವಿಷಯ ಎತ್ತಿದಳು.

"ಆ ಮಿಷನ್ನಿನ ಗಂಟೆ ಕಿತ್ತುಹಾಕೇ. ಸಾಲು ಮುಗಿದಾಗೆಲ್ಲ ಟಿಣ್ ಅನ್ನುತ್ತೆ. ಕಲ್ಲು ಗುಡುಗುಟ್ಟುತ್ತೆ. ಟಿಣ್ ಅನ್ನಲ್ಲ."

ಲೀನಾ ಹಳೆಯ ಕಾಲುಚೀಲದ ಚೂರು ತುರುಕಿ ಗಂಟೆಯ ಬಾಯಿ ಕಟ್ಟಿದಳು.

ಮೂವತ್ತಾರರ ನವೆಂಬರಿನಲ್ಲಿ ಮೂವರೂ ಒಂದೇ ವಾರದಲ್ಲಿ ಸಿಕ್ಕಿಬಿದ್ದರು. ಯಾರು ಹೇಳಿಕೊಟ್ಟರೋ ಲೀನಾಗೆ ಇವತ್ತಿಗೂ ಗೊತ್ತಿಲ್ಲ. ರೈನ್‌ಹೋಲ್ಡ್‌ನ ತಲೆ ಕಡಿದರು. ಓಸ್ಕರ್ ಶಿಬಿರದಲ್ಲಿ ಸತ್ತ. ಎಲ್ಲಿ ಟೈಪು ಮಾಡಿದೆ ಎಂದು ಹನ್ನೊಂದು ದಿನ ಕೇಳಿದರು. ಕಾಡಿನಲ್ಲಿ, ಅಂದಳು. ಖಾನೆ ಮುಚ್ಚಿದರು. ಕಾಡಿನಲ್ಲಿ, ಅಂದಳು. ಒಟ್ಟೀಲಿಯ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಸಿಕ್ಕಿಬೀಳದವರ ಹೆಸರು ಹೇಳಬಾರದು, ಬರೆಯಬಾರದು. ಇದು ಗುಂಪಿನ ನಿಯಮ. ಕಲಿಸಿದ್ದು ಪಕ್ಷವೇ. ಲೀನಾ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಕಲಿತಿದ್ದಳೆಂದರೆ, ಜೈಲಿನಲ್ಲಿ ಒಟ್ಟೀಲಿಯ ಮುಖವನ್ನೇ ಮರೆಯಲು ಅಭ್ಯಾಸ ಮಾಡಿದ್ದಳು. ಜ್ವರದಲ್ಲಿ ಬಡಬಡಿಸಿದರೂ ಆ ಹೆಸರು ಬರಬಾರದು. ನಲವತ್ತೈದರ ಬೇಸಿಗೆಯಲ್ಲಿ ಮೊದಲ ಬದುಕು ಬರೆಯುವಾಗ ಹಿಟ್ಲರ್ ಸತ್ತು ಮೂರು ತಿಂಗಳಾಗಿತ್ತು. ಬರೆಸುತ್ತಿದ್ದವರು ತನ್ನವರೇ. ಆದರೂ ಕೈ ಆ ಜಾಗಕ್ಕೆ ಬಂದು, ತಾನಾಗಿ ಪಕ್ಕಕ್ಕೆ ಸರಿಯಿತು. ಮೂವರು, ಎಂದು ಬರೆಯಿತು.

ಆ ಗುರುವಾರ ಲೀನಾ ಬುಟ್ಟಿ ಎತ್ತಿಕೊಂಡು ಒಟ್ಟೀಲಿಯ ಹಿತ್ತಿಲಿಗೆ ಹೋದಳು. ಕಚೇರಿಯ ಮುಖ್ಯಸ್ಥೆಯಾದರೂ ದುಪ್ಪಟಿಗೆ ಅಲ್ಲಿಗೇ ಹೋಗುವವಳು. ಒಟ್ಟೀಲಿಗೆ ಅರವತ್ತೊಂದಾಗಿತ್ತು. ಈಗಲೂ ಬೇರೆಯವರು ಚಕ್ರ ಮುಟ್ಟಿದರೆ ಬೈಯುತ್ತಿದ್ದಳು.

ಕೋಣೆಯಲ್ಲಿ ನಿಜವಾದ ಕಾಫಿಯ ಘಮ.

"ಎಲ್ಲಿಂದ ಬಂತೇ ಇದು?"

"ನ್ಯೂರಂಬರ್ಗಿನಿಂದ. ಗಡಿಯಾಚೆ ಇರೋ ನನ್ನ ತಮ್ಮ ಕಳಿಸಿದ್ದು. ಮೂಸಿ ನೋಡ್ತಾ ಕೂರ್ಬೇಡ, ಕುಡಿ. ಪಕ್ಷದವರಿಗೂ ಮೂಗು ಇರುತ್ತಲ್ಲ."

ಲೀನಾ ಕುಡಿದಳು. ವಿಷಯ ಹೇಳಿದಳು. ಕೆಳಗಿನ ಮಹಡಿ, ಐದು ಹಾಳೆ, ಪ್ರಶ್ನೆ.

ಒಟ್ಟೀಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ, ಇಷ್ಟಕ್ಕೇನಾ ಮೂರು ದಿನದಿಂದ ಊಟ ಬಿಟ್ಟಿರೋ ಮುಖ? ಹೇಳಿಬಿಡೇ. ನಾನೇನು ಕದ್ದಿದ್ದೀನಾ?"

"ಹೇಳಬಾರದು ಅಂತ..."

"ಅದು ಅವರ ಕಾಲಕ್ಕೆ. ಈಗ ಕೇಳ್ತಿರೋರು ನಿಮ್ಮೋರು. ನಿಮ್ಮೋರಿಗೆ ನೀನು ಹೇಳದೆ ಇನ್ಯಾರು ಹೇಳ್ತಾರೆ?" ಒಟ್ಟೀಲಿ ಲೋಟ ತೊಳೆಯುತ್ತ ಬೆನ್ನು ತಿರುಗಿಸಿ ಅಂದಳು, "ಹದಿನೈದು ವರ್ಷ ಆಯ್ತು ಲೀನಾ. ಒಂದು ಸಲನಾದ್ರೂ ಯಾರಾದ್ರೂ ಕೇಳ್ಲಿ ಅಂತ ನಂಗೂ ಇತ್ತು. ಪದಕ ಗಿದಕ ಬೇಡ. ಚಳಿಗಾಲಕ್ಕೆ ಒಂದು ಮೂಟೆ ಕಲ್ಲಿದ್ದಲು ಜಾಸ್ತಿ ಕೊಡಿಸು, ಸಾಕು. ಭುಜ ಹಿಡ್ಕೊಳ್ಳುತ್ತೆ."

ಲೀನಾಳ ಎದೆಯ ಮೇಲಿಂದ ಒಂದು ಭಾರ ಇಳಿಯಿತು. ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಮುಂದೆ ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತಿದ್ದುದು ಆ ನಿದ್ದೆಗೆ.

ಸೋಮವಾರ ಮಂಡಳಿಯ ಮುಂದೆ ನೆಟ್ಟಗೆ ಕೂತು ಹೇಳಿದಳು. ಬಾರ್ಲಿ ಕಾಫಿ ಕುಡಿಯುತ್ತ ಹೇಳಿದಳು. ಹೆಸರು, ಓಣಿ, ಮನೆಯ ನಂಬರು. ಗಂಟೆಯ ಬಾಯಿ ಕಟ್ಟಿಸಿದ್ದನ್ನೂ ಹೇಳಿದಳು, ನಗುತ್ತ. ಟೈಪಿಸ್ಟು ಎಲ್ಲವನ್ನೂ ಬಡಿದುಕೊಂಡಳು. ಸಾಲು ಮುಗಿದಾಗೆಲ್ಲ ಅವಳ ಮಿಷನ್ನು ಟಿಣ್ ಅನ್ನುತ್ತಿತ್ತು.

ವಾಪ್ಲರ್ ನಗಲಿಲ್ಲ. ಒಂದು ಖಾಲಿ ಹಾಳೆ ತೆಗೆದ. ನಾಲ್ಕು ಗೆರೆ ಎಳೆದ.

"ನಾಲ್ಕು ಜನ. ಸರಿ. ಒಬ್ಬನ ತಲೆ ಹೋಯ್ತು. ಒಬ್ಬ ಶಿಬಿರದಲ್ಲಿ ಸತ್ತ. ನೀನು ಜೈಲಿಗೆ ಹೋದೆ." ಮೂರು ಗೆರೆಗಳನ್ನು ಒಂದೊಂದಾಗಿ ಹೊಡೆದು ಹಾಕಿದ. "ಇದೊಂದು ಉಳೀತು. ಒಂಬತ್ತು ವರ್ಷ ಇವಳ ಬಾಗಿಲು ಯಾರೂ ತಟ್ಟಲಿಲ್ಲ. ಯಾಕೆ?"

"ನಾನು ಹೇಳಲಿಲ್ಲ. ಅದಕ್ಕೆ."

"ಅದಕ್ಕೆ ಸಾಕ್ಷಿ ಯಾರು?"

ಲೀನಾ ಎಡಗೈ ಎತ್ತಿ ಮೇಜಿನ ಮೇಲಿಟ್ಟಳು.

ವಾಪ್ಲರ್ ಆ ಬೆರಳುಗಳನ್ನು ನೋಡಿದ. ಮುಖ ಕೆಂಪಾಯಿತು. ಆದರೂ ಹೇಳಿದ.

"ನಿನ್ನ ಕೈ ಮುರಿದ್ರು ಅಂತ ಬೆರಳು ಹೇಳುತ್ತೆ ಕಾಮ್ರೇಡ್. ನೀನು ಏನು ಹೇಳಲಿಲ್ಲ ಅಂತ ಅದು ಹೇಳಲ್ಲ."

"ಹೂಗೋ," ಲೀನಾ ಪಕ್ಕಕ್ಕೆ ತಿರುಗಿದಳು. "ನೀನಾದ್ರೂ ಹೇಳು ಮಾರಾಯ. ಗುಂಪು ಹೇಗಿರ್ತಿತ್ತು ಹೇಳು. ಯಾರು ಸಿಕ್ಕಲ್ವೋ ಅವರನ್ನ ಉಳಿಸ್ಬೇಕು ಅಂತ ತಾನೆ ನಿಯಮ?"

"ಹೌದು," ಅಂದ ಹೂಗೋ. "ನಿಯಮ ಹಾಗೇ ಇತ್ತು." ಕಾಫಿ ಲೋಟದೊಳಗೆ ಏನೋ ಬಿದ್ದಿದೆಯೆಂಬ ಹಾಗೆ ಅದನ್ನೇ ನೋಡುತ್ತ ಕೂತ.

"ಅವಳ ತಮ್ಮ ನ್ಯೂರಂಬರ್ಗಿನಲ್ಲಿದ್ದಾನೆ. ಅಮೆರಿಕದವರ ಕೈಕೆಳಗೆ. ಪಾರ್ಸಲ್ ಬರುತ್ತೆ, ಪೋಸ್ಟಿನವರು ಬರೆದಿಡ್ತಾರೆ. ನಿಂಗೆ ಗೊತ್ತಾ?"

"ಕಾಫಿ ಬರುತ್ತೆ."

"ನೀನೂ ಕುಡಿದೆಯಾ?"

ಲೀನಾ ಲೋಟ ಕೆಳಗಿಟ್ಟಳು. ಅಲ್ಲಿಯವರೆಗೆ ಅದು ಬರೀ ಕಾಫಿಯಾಗಿತ್ತು.

"ಮೂವರನ್ನ ಹಿಡಿದುಕೊಟ್ಟೋರು ಯಾರು ಅಂತ ನಿಂಗೆ ಹದಿನೈದು ವರ್ಷದಿಂದ ಗೊತ್ತಿಲ್ಲ," ವಾಪ್ಲರ್ ಮೆಲ್ಲಗೆ ಅಂದ. "ಹಿಡಿಯದೆ ಬಿಟ್ಟಿದ್ದು ಯಾರನ್ನ ಅಂತ ಈಗ ನಮಗೆ ಗೊತ್ತಾಯ್ತು."

"ಇಲ್ಲ! ಅವಳು ಚಕ್ರ ತಿರುಗಿಸಿದೋಳು ಕಣಯ್ಯಾ!"

"ಬರ್ಕೊಳ್ಳಿ," ವಾಪ್ಲರ್ ಟೈಪಿಸ್ಟಿಗೆ ಅಂದ. "ಚಕ್ರ ತಿರುಗಿಸಿದ್ದು ಆಕೆಯೇ ಎಂದು ಒಪ್ಪಿಕೊಂಡಿದ್ದಾರೆ."

ಟಿಣ್.

ಮೂರು ದಿನ ಕಳೆದ ಮೇಲೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮಿನ್ನಾ ಪೋಸರ್ನ್ ವಸತಿ ಕಚೇರಿಯ ಸಾಲನ್ನು ಮುರಿದು ಒಳಗೆ ನುಗ್ಗಿದಳು. ತೊಗಲಿನ ಓಣಿಯವಳು. ಎಂಟು ಜನರ ಸಂಸಾರ. ಅವಳ ಬುಟ್ಟಿಯಲ್ಲಿ ತೇವದ ಬಟ್ಟೆ ಹಾಗೇ ಇತ್ತು.

"ಲೀನಾ, ಒಟ್ಟೀಲಿನ ಕರ್ಕೊಂಡ್ ಹೋದ್ರು ಕಣೇ! ಇಬ್ಬರು ಬಂದ್ರು, ಕೋಟು ಹಾಕ್ಕೊಂಡೋರು. ನನ್ನ ದುಪ್ಪಟಿ ಅರ್ಧ ಸುತ್ತಿತ್ತು. 'ಇದೊಂದು ಮುಗಿಸ್ತೀನಿ, ಸುಕ್ಕಾಗುತ್ತೆ' ಅಂದ್ಲು. ಅವರು ಬಿಡಲಿಲ್ಲ. 'ಹಾಗಾದ್ರೆ ನೀವೊಬ್ಬರು ಆ ತುದಿ ಹಿಡ್ಕೊಳ್ಳಿ' ಅಂದ್ಲು ಅವರಿಗೇ! ಒಬ್ಬ ಹಿಡ್ಕೊಳ್ಳೋಕೆ ಕೈ ಚಾಚಿಬಿಟ್ಟಿದ್ದ, ಇನ್ನೊಬ್ಬ ಬೈದ." ಮಿನ್ನಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ನೀನು ಕಚೇರಿಯೋಳಲ್ವಾ. ಏನಾದ್ರೂ ಮಾಡೇ."

ಲೀನಾ ಹೋದಳು. ಪೊಲೀಸರ ಹತ್ತಿರ ಹೋದಳು. ಅಂಥ ಹೆಸರಿನವರು ಇಲ್ಲಿಲ್ಲ ಅಂದರು. ಜಿಲ್ಲೆಯ ಪಕ್ಷದ ಕಚೇರಿಗೆ ಹೋದಳು. ಎರಡು ಗಂಟೆ ಕಾದಳು. ಕಾಮ್ರೇಡ್ ಸಭೆಯಲ್ಲಿದ್ದಾರೆ ಅಂದರು. ಬರೆದಳು. ಇಳಿಜಾರು ಸಾಲಿನಲ್ಲಿ ನಾಲ್ಕು ಪುಟ ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. 'ಅವಳು ತಪ್ಪು ಮಾಡಿಲ್ಲ. ಮಾಡಿಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ.' ಆ ಸಾಲನ್ನು ಬರೆದು ತಾನೇ ಓದಿಕೊಂಡಳು. ತನ್ನ ಸಾಕ್ಷಿಯ ಮಾತಿನಿಂದಲೇ ಅವಳು ಒಳಗೆ ಹೋಗಿದ್ದಳು.

ಹನ್ನೊಂದು ದಿನದ ಹೊಡೆತಕ್ಕೆ ಬಿಡದ ಹೆಸರನ್ನು ಒಂದು ಲೋಟ ಬಾರ್ಲಿ ಕಾಫಿಗೆ ಬಿಟ್ಟಿದ್ದಳು. ಹೊಡೆಯುವವರ ಮುಂದೆ ಬಾಯಿ ಮುಚ್ಚುವುದು ಹೇಗೆಂದು ಪಕ್ಷ ಕಲಿಸಿತ್ತು. ಕಾಮ್ರೇಡ್ ಎಂದು ಕರೆದು ಕುರ್ಚಿ ಕೊಡುವವರ ಮುಂದೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಎರಡು ವಾರ ಕಳೆದು ಹೂಗೋ ಅವಳ ಕಚೇರಿಗೆ ಬಂದ. ಟೊಪ್ಪಿ ಕೈಯಲ್ಲಿತ್ತು. ಒಂದು ಅರ್ಜಿ ಮೇಜಿನ ಮೇಲಿಟ್ಟ. ತೊಗಲಿನ ಓಣಿ, ಮನೆ ಏಳು. ಎರಡು ಕೋಣೆ, ಹಿತ್ತಿಲಿನಲ್ಲಿ ಒಂದು ಕೆಲಸದ ಕೋಣೆ. ಸ್ಥಿತಿ: ಖಾಲಿ. ಕೆಳಗೆ ವಸತಿ ಕಚೇರಿಯ ಮುಖ್ಯಸ್ಥೆಯ ಮುದ್ರೆಗೆ ಜಾಗ.

"ಒತ್ತಿಬಿಡೇ," ಅಂದ ಹೂಗೋ. "ನೀನೇ ಒತ್ತಿದ್ರೆ ನಿನ್ನ ಫೈಲು ಮುಚ್ಚಿಬಿಡ್ತಾರಂತೆ. ವಾಪ್ಲರ್ ಬಾಯಿಬಿಟ್ಟು ಹೇಳಿದಾನೆ."

"ಖಾಲಿ ಅಂತ ಬರೆದಿದೆ."

"ಖಾಲಿ ಇದೆಯಲ್ಲ."

"ನಿನ್ನೆ ಹೋಗಿ ನೋಡ್ಕೊಂಡ್ ಬಂದೆ. ಅವಳ ಮರದ ಚಪ್ಪಲಿ ಬಾಗಿಲ ಹತ್ರ ಇದೆ. ಕಿಟಕೀಲಿ ಜೆರೇನಿಯಂ ಗಿಡ ಬಾಡಿದೆ. ನೀರು ಹಾಕಿ ಬಂದೆ. ಮಿನ್ನಾ ದುಪ್ಪಟಿ ಪೆಟ್ಟಿಗೆ ಕೆಳಗೆ ಹಾಗೇ ಇದೆ, ಬೂಸಲು ಬಂದಿದೆ. ಖಾಲಿ ಹೇಗೋ ಆಗುತ್ತೆ ಹೂಗೋ?"

"ಲೀನಾ." ಹೂಗೋ ಕೂತ. ಅವನ ಉಸಿರಿನಲ್ಲಿ ಕಲ್ಲುಪುಡಿಯ ಗೊರಗೊರ ಇತ್ತು, ಶಿಬಿರದಿಂದ ತಂದದ್ದು. "ಆ ಮನೇಗೆ ಪೂರ್ವದ ಸೈಲೇಶಿಯಾದಿಂದ ಓಡಿಸಿಕೊಂಡು ಬಂದಿರೋ ಒಂದು ಸಂಸಾರ ಹೋಗುತ್ತೆ. ನಾಲ್ಕು ಮಕ್ಕಳು. ವ್ಯಾಯಾಮಶಾಲೇಲಿ ಕಂಬಳಿ ಕಟ್ಕೊಂಡು ಮಲಗ್ತಾ ಇದ್ದಾರೆ. ಪಿಯಾನೊಗೆ ಯಾಕೆ ಕೋಣೆ ಅಂತ ಕೇಳ್ದೋಳು ನೀನೇ ಅಲ್ವಾ?"

ಅದು ನಾಟಿತು. ಆ ಸಂಸಾರ ಅವಳಿಗೆ ಗೊತ್ತು. ಚಿಕ್ಕದಕ್ಕೆ ಕೆಮ್ಮು. ಆರು ತಿಂಗಳಿನಿಂದ ಆ ತಾಯಿ ಇದೇ ಬಾಗಿಲಲ್ಲಿ ನಿಂತು ಹೋಗುತ್ತಿದ್ದಾಳೆ.

ಲೀನಾ ಮುದ್ರೆ ಎತ್ತಿದಳು. ಕೆಳಗಿಟ್ಟಳು. ಪೆನ್ನು ತೆಗೆದಳು. 'ಖಾಲಿ' ಎಂಬುದನ್ನು ಹೊಡೆದು ಹಾಕಿದಳು. ಅರ್ಜಿಯ ಅಡ್ಡಕ್ಕೆ, ಇಳಿಜಾರು ಸಾಲಿನಲ್ಲಿ ಬರೆದಳು:

'ಖಾಲಿ ಇಲ್ಲ. ಇಲ್ಲಿ ಒಟ್ಟೀಲಿ ಗ್ಲೇಸೆಲ್ ವಾಸವಾಗಿದ್ದಾಳೆ. ಹೊರಗೆ ಹೋಗಿದ್ದಾಳೆ. ಬರುತ್ತಾಳೆ.'

ಅದರ ಮೇಲೆ ಮುದ್ರೆ ಒತ್ತಿದಳು. ಜೋರಾಗಿ ಒತ್ತಿದಳು. ಮೇಜು ಅಲುಗಿತು.

"ಹುಚ್ಚಿ," ಅಂದ ಹೂಗೋ. ಅವನ ಕಣ್ಣಲ್ಲಿ ನೀರಿತ್ತು. "ಇದರಿಂದ ಅವಳು ಬರ್ತಾಳೇನೇ?"

"ಇಲ್ಲ."

"ಮತ್ತೆ?"

"ನನ್ನ ಕೈಯಿಂದ ಒಂದು ಸಲ ಆಯ್ತಲ್ಲ. ಎರಡನೇದು ಬೇರೆ ಯಾರ ಕೈಯಿಂದಾದ್ರೂ ಆಗ್ಲಿ."

ಆಯಿತು. ಮಧ್ಯಾಹ್ನದೊಳಗೆ ಆಯಿತು. ಅವಳ ಕೆಳಗಿನ ಅಧಿಕಾರಿ ಹೊಸ ಅರ್ಜಿಯೊಂದನ್ನು ತಂದು, ಅದೇ ಮೇಜಿನ ಮೇಲೆ, ಅದೇ ಮುದ್ರೆ ಒತ್ತಿದ. ಸಂಜೆಗೆ ಸೈಲೇಶಿಯಾದ ಸಂಸಾರ ಕೈಗಾಡಿ ತಳ್ಳಿಕೊಂಡು ತೊಗಲಿನ ಓಣಿಗೆ ಬಂತು. ಆ ಹೆಂಗಸು ಬಾಗಿಲಲ್ಲಿದ್ದ ಮರದ ಚಪ್ಪಲಿಯನ್ನು ಒಂದು ಗಳಿಗೆ ನೋಡಿದಳಂತೆ. ಆಮೇಲೆ ಕಾಲಿಗೆ ಹಾಕಿಕೊಂಡಳಂತೆ. ಅವಳ ಕಾಲಲ್ಲಿ ಏನೂ ಇರಲಿಲ್ಲ. ಅವಳ ತಪ್ಪೇನು?

ಮರುದಿನ ವಾಪ್ಲರ್ ಎದ್ದು ನಿಂತೇ ಮಾತಾಡಿದ.

"ಫ್ರೌ ಹೌಬೋಲ್ಡ್, ನಿಮ್ಮ ಪಕ್ಷದ ಕಾರ್ಡು ಮೇಜಿನ ಮೇಲಿಡಿ."

ನೀವು. ಕಾಮ್ರೇಡ್ ಅಲ್ಲ, ಪರರ ಮನೆಯ ಹೆಂಗಸಿಗೆ ಅನ್ನುವ ಫ್ರೌ. ಇಪ್ಪತ್ನಾಲ್ಕು ವರ್ಷದಲ್ಲಿ ಪಕ್ಷದ ಕೋಣೆಯಲ್ಲಿ ಅವಳನ್ನು ಯಾರೂ ನೀವು ಎಂದಿರಲಿಲ್ಲ. ಗೆಸ್ಟಾಪೊದವರೂ ನೀನು ಎಂದೇ ಹೊಡೆದಿದ್ದರು. ಲೀನಾ ಕಾರ್ಡು ತೆಗೆದಿಟ್ಟಳು. ಅದರ ಅಂಚು ಅವಳ ರವಿಕೆಯ ಬೆವರಿಗೆ ಮೆತ್ತಗಾಗಿತ್ತು.

"ದುಡಿಮೆಯಲ್ಲಿ ನಿಮ್ಮನ್ನ ನೀವು ಸಾಬೀತು ಮಾಡ್ಕೊಳ್ಳೋಕೆ ಅವಕಾಶ ಕೊಟ್ಟಿದ್ದೀವಿ," ಅಂದ ವಾಪ್ಲರ್. "ಪುರಸಭೆಯ ಬಟ್ಟೆ ಒಗೆಯೋ ಮನೆ. ಸೋಮವಾರದಿಂದ."

ಬಟ್ಟೆ ಒಗೆಯುವ ಮನೆಯಲ್ಲಿ ಆಸ್ಪತ್ರೆಯ ದುಪ್ಪಟಿಗಳು. ರಕ್ತ, ಕೀವು, ಹೇಲು. ಕುದಿಯುವ ಕ್ಷಾರದ ನೀರಿನಿಂದ ಕೋಲಿನಲ್ಲಿ ಎತ್ತಬೇಕು. ನೀರು ಕುಡಿದ ಒಂದು ದುಪ್ಪಟಿ ಒಂದು ಕುರಿಯಷ್ಟು ಭಾರ. ದಿನಕ್ಕೆ ಮುನ್ನೂರು. ಮೊದಲ ವಾರ ಅಂಗೈ ಸುಲಿಯಿತು. ಎರಡನೇ ವಾರ ಉಗುರಿನ ಸುತ್ತ ಬಿರುಕು ಬಿಟ್ಟಿತು. ಮಡಚದ ಎರಡು ಬೆರಳು ಚಳಿಗೆ ನೀಲಿಯಾಗುತ್ತಿದ್ದವು. ಕೆಲಸ ಅವಳಿಗೆ ಹೊಸದಲ್ಲ. ಸಾಲಿನಲ್ಲಿ ನಿಲ್ಲುತ್ತಿದ್ದವರು ಈಗ ಬೀದಿಯ ಆ ಬದಿಗೆ ದಾಟುತ್ತಿದ್ದುದು ಹೊಸದು. ಹೂಗೋ ಕೂಡ ದಾಟುತ್ತಿದ್ದ. ಕೆಮ್ಮುತ್ತ ದಾಟುತ್ತಿದ್ದ.

ಶರತ್ಕಾಲದಲ್ಲಿ ಒಂದು ಲಾರಿ ಬಂತು. ನಾಲ್ವರು ಗಂಡಸರು ಒಂದು ಮರದ ಪೆಟ್ಟಿಗೆ ಇಳಿಸಿದರು. ಕಲ್ಲುಗಳು ಬೇರೆ ಗೋಣಿಯಲ್ಲಿ ಬಂದವು. ಚಕ್ರವೂ ಬಂತು. ಲೀನಾ ನೋಡಿದ ಕೂಡಲೇ ಗುರುತು ಹಿಡಿದಳು. ಅದಕ್ಕೆ ಮೋಟಾರು ಕೂರಿಸಿದರು, ಬೆಲ್ಟು ಎಳೆದರು.

"ಇನ್ಮೇಲೆ ತಿರುಗಿಸೋರು ಬೇಕಾಗಿಲ್ಲ," ಅಂದಳು ಮೇಲ್ವಿಚಾರಕಿ, ಹೆಮ್ಮೆಯಿಂದ.

ಮಿನ್ನಾ ಕೂಡ ಅಲ್ಲೇ ಕೆಲಸಕ್ಕೆ ಸೇರಿದ್ದಳು. ಅವಳು ಸುತ್ತುವುದು, ಲೀನಾ ಉರುಳೆ ಕೊಡುವುದು. ಇಬ್ಬರೂ ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ ಮಿನ್ನಾ ಬಗ್ಗಿಕೊಂಡೇ ಹೇಳಿದಳು, "ಎಂಟು ವರ್ಷ ಜೈಲಂತೆ. ನ್ಯೂರಂಬರ್ಗಿನ ಪಾರ್ಸಲ್ಲು ಪೋಸ್ಟಿನವನು ವಾಪಸ್ ಕಳಿಸಿದ್ನಂತೆ." ಅರವತ್ತೊಂದಕ್ಕೆ ಎಂಟು ಕೂಡಿಸುವುದನ್ನು ಇಬ್ಬರೂ ಮನಸ್ಸಿನಲ್ಲೇ ಮಾಡಿದರು.

ಪೆಟ್ಟಿಗೆ ಓಡುವಾಗ ಹಳೆಯದೇ ಗುಡುಗು. ಆ ಗುಡುಗಿನ ಕೆಳಗೆ ಲೀನಾ ಒಂದು ಅಭ್ಯಾಸ ಮಾಡಿಕೊಂಡಳು. ಹೆಸರು ಹೇಳುವುದು. ಮನಸ್ಸಿನಲ್ಲಲ್ಲ, ಗಂಟಲಿನಿಂದ. ಪೆಟ್ಟಿಗೆ ಆಚೆ ಹೋದಾಗ ಒಂದು ಸಲ, ಈಚೆ ಬಂದಾಗ ಒಂದು ಸಲ. ಹದಿನೈದು ವರ್ಷ ಹೇಳದೆ ಉಳಿಸಿದ್ದ ಹೆಸರು. ಒಂದು ಸಲ ಹೇಳಿ ಕೊಂದ ಹೆಸರು. ಯಾರಿಗೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಮಿನ್ನಾಗೂ ಕೇಳುತ್ತಿರಲಿಲ್ಲ.

ಜನವರಿಯ ಒಂದು ಗುರುವಾರ ಕರೆಂಟು ಹೋಯಿತು. ಆ ಚಳಿಗಾಲ ದಿನಾ ಹೋಗುತ್ತಿತ್ತು, ಆದರೆ ಗೊತ್ತಾದ ಹೊತ್ತಿಗೆ ಹೋಗುತ್ತಿತ್ತು. ಅಂದು ಹೇಳದೆ ಕೇಳದೆ ಹೋಯಿತು. ಮೋಟಾರು ನಿಂತಿತು. ಪೆಟ್ಟಿಗೆ ನಡುವೆಯೇ ನಿಂತಿತು. ಲೀನಾಳ ಬಾಯಿ ನಿಲ್ಲಲಿಲ್ಲ.

"ಒಟ್ಟೀಲಿ ಗ್ಲೇಸೆಲ್!"

ಇಡೀ ಕೋಣೆಗೆ ಕೇಳಿಸಿತು. ಟಿಣ್ ಅಂದ ಹಾಗೆ.

ಹನ್ನೆರಡು ಹೆಂಗಸರು. ಯಾರೂ ತಲೆ ಎತ್ತಲಿಲ್ಲ. ಮಿನ್ನಾಳ ಕೈ ದುಪ್ಪಟಿಯ ಅಂಚಿನಲ್ಲಿ ನಿಂತಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

ಮೇಲ್ವಿಚಾರಕಿ ಕೆಮ್ಮಿದಳು.

"ಬಟ್ಟೆ ಒಳಗೆ ಸಿಕ್ಕೊಂಡಿದೆ. ಹಾಗೇ ಬಿಟ್ರೆ ಕಲೆ ಆಗುತ್ತೆ, ಆಸ್ಪತ್ರೆಯೋರು ಸುಮ್ನಿರಲ್ಲ. ಚಕ್ರ ಇನ್ನೂ ತೆಗೆದಿಲ್ಲ. ತಿರುಗಿಸೋರು ಯಾರು?"

ಯಾರೂ ಏಳಲಿಲ್ಲ. ಲೀನಾ ಹೋದಳು. ಚಕ್ರದ ಹಿಡಿ ಒಟ್ಟೀಲಿಯ ಅಂಗೈಗೆ ಸವೆದು ನಡುವೆ ತೆಳ್ಳಗಾಗಿತ್ತು. ಎಂಟು ಬೆರಳಲ್ಲಿ ಹಿಡಿದಳು. ಎಳೆದಳು. ಪೆಟ್ಟಿಗೆ ಅಲುಗಲಿಲ್ಲ. ಎದೆಯನ್ನೇ ಹಿಡಿಗೆ ಕೊಟ್ಟು ನೂಕಿದಳು. ಒಳಗಿನ ಕಲ್ಲು ಒಂದರ ಮೇಲೊಂದು ಹೊರಳಿದವು. ಸಣ್ಣಗೆ ಗುಡುಗಿತು.

ಮೇಲ್ವಿಚಾರಕಿ ದಿನದ ಪುಸ್ತಕ ತೆರೆದಳು. ಕರೆಂಟಿಲ್ಲದಾಗ ಕೈಯಲ್ಲಿ ಮಾಡಿದ ಕೆಲಸ ಯಾರದೆಂದು ಬರೆದಿಡಬೇಕು.

"ಚಕ್ರ ತಿರುಗಿಸಿದವರು," ಎಂದು ಓದಿಕೊಂಡಳು. "ಹೆಸರು?"

"ಒಟ್ಟೀಲಿ ಗ್ಲೇಸೆಲ್," ಅಂದಳು ಲೀನಾ, ತಿರುಗಿಸುತ್ತಲೇ.

ಮೇಲ್ವಿಚಾರಕಿಯ ಪೆನ್ಸಿಲು ನಿಂತಿತು. ಅವಳು ಲೀನಾಳ ಮುಖ ನೋಡಿದಳು. ಬಾಗಿಲ ಕಡೆ ನೋಡಿದಳು. ಆಮೇಲೆ ಬಗ್ಗಿ, ದುಂಡಗೆ, ನೆಟ್ಟಗಿನ ಸಾಲಿನಲ್ಲಿ ಬರೆದುಕೊಂಡಳು: ಹೌಬೋಲ್ಡ್.